ಎಂಟನೇ ಮೆಟ್ಟಿಲಿನ ದುಂಬಿ

ಮೂರನೇ ತಂತಿಯನ್ನು ಏಳನೇ ಮನೆಯಲ್ಲಿ ಒತ್ತಿ ಮೀಟಿದರೆ ಒಂದು ದುಂಬಿ ಎದ್ದು ಬರುತ್ತಿತ್ತು. ಆರರಲ್ಲಿ ಒತ್ತಿದರೆ ಸ್ವರ, ಒಂಬತ್ತರಲ್ಲಿ ಒತ್ತಿದರೂ ಸ್ವರ. ಏಳರಲ್ಲಿ ಮಾತ್ರ ಸ್ವರದ ಬೆನ್ನಿಗೇ ಗುಂಯ್ ಎನ್ನುವ ಹುಳು. ಗಿಟಾರಿನ ಯಜಮಾನ ಮೊದಲ ದಿನವೇ ಎಚ್ಚರಿಸಿದ್ದ: “ಸಾರ್, ಅಲ್ಲೊಂದ್ ಕಡೆ ಒತ್ಬೇಡಿ. ಬೇರೆ ಎಲ್ಲಾ ಚೆನ್ನಾಗಿದೆ.” ಅವನು ನನಗೆ ಕಲಿಸಿದ ನಾಲ್ಕು ಹಾಡುಗಳೂ ಆ ಜಾಗವನ್ನು ಬಳಸಿಕೊಂಡೇ ಹೋಗುತ್ತಿದ್ದವು, ಗುಂಡಿ ಬಿದ್ದ ರಸ್ತೆಯನ್ನು ಬಾಯಿಪಾಠ ಮಾಡಿಕೊಂಡ ಹಳೇ ಡ್ರೈವರು ಬಸ್ಸು ಓಡಿಸುವ ಹಾಗೆ. ಗುಂಡಿಯಿದೆ ಎಂದು ಅವನಿಗೆ ಬೇಸರವೇನೂ ಇರಲಿಲ್ಲ. ಬೇಸರ ಶುರುವಾದದ್ದು ನನಗೆ.

ಯಜಮಾನನೆಂದರೆ ಇಪ್ಪತ್ತೆರಡು ವರ್ಷದ ಟಿಬೆಟಿಯನ್ ಹುಡುಗ. ಒಡೆಯರಪಾಳ್ಯ ಎಂದರೆ ಹೊರಗಿನವರಿಗೆ ಟಿಬೆಟಿಯನ್ ಕ್ಯಾಂಪು ಎಂದೇ ಅರ್ಥ. ತಮ್ಮ ದೇಶ ಬಿಟ್ಟು ಬಂದವರು 1960ರಲ್ಲಿ ಬೈಲುಕುಪ್ಪೆಗೆ, 1966ರಲ್ಲಿ ಮುಂಡಗೋಡಿಗೆ, 1970ರ ದಶಕದಲ್ಲಿ ನಮ್ಮ ಕಾಡಂಚಿಗೆ ಬಂದು ನೆಲೆಸಿದರು. ಅವರ ಕಾಗದಪತ್ರಗಳಲ್ಲಿ ಈ ಜಾಗದ ಹೆಸರು ಧೋಂಡೆನ್‌ಲಿಂಗ್. ನಮ್ಮ ಕಾಗದಪತ್ರಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಕೊಳ್ಳೇಗಾಲ ತಾಲ್ಲೂಕು, ಈಗ ಹನೂರು. ಬೆಳಿಗ್ಗೆ ಜೋಗ್‌ಚೆನ್ ಮಠದ ಉದ್ದ ಕಹಳೆ ಊದುವುದೂ, ಹಿಂದಿನ ರಾತ್ರಿ ಮುಸುಕಿನ ಜೋಳದ ಹೊಲದಲ್ಲಿ ಆನೆ ಓಡಿಸಲು ಪಟಾಕಿ ಹೊಡೆದವರು ಕೆಂಪು ಕಣ್ಣು ಮಾಡಿಕೊಂಡು ಟೀ ಅಂಗಡಿಗೆ ಬರುವುದೂ ಹೆಚ್ಚು ಕಡಿಮೆ ಒಂದೇ ಹೊತ್ತು. ಆ ಟೀ ಅಂಗಡಿಯಲ್ಲೇ ಹುಡುಗನಿಗೂ ನನಗೂ ಒಪ್ಪಂದವಾದದ್ದು. ಅವನಿಗೆ ಕನ್ನಡ ಮಾತು ನಮ್ಮ ಮಕ್ಕಳಷ್ಟೇ ಸಲೀಸು, ಬರೆಯಲು ಬಾರದು. ನನಗೆ ಬರೆಯುವುದೊಂದೇ ಬರುವುದು. ನಾನು ಅವನಿಗೆ ಒತ್ತಕ್ಷರ ಕಲಿಸಬೇಕು, ಅವನು ನನಗೆ ತಂತಿ ಒತ್ತುವುದನ್ನು ಕಲಿಸಬೇಕು. ನಿವೃತ್ತಿಗೆ ಮೂರು ವರ್ಷ ಉಳಿದ ಮೇಷ್ಟ್ರ ಬೆರಳು ಎಷ್ಟು ಮಣಿಯುತ್ತದೋ ಅಷ್ಟು ಕಲಿತೆ.

ದೀಪಾವಳಿ ಕಳೆಯುತ್ತಿದ್ದಂತೆ ಕ್ಯಾಂಪಿನ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಲೂಧಿಯಾನದ ಸಗಟು ಸ್ವೆಟರುಗಳನ್ನು ಹೊತ್ತು ಊರೂರ ಫುಟ್‌ಪಾತುಗಳಿಗೆ ಹೋಗುವ ಕಾಲ ಅದು. ಹುಡುಗನೂ ಹೊರಟ. ಗಿಟಾರನ್ನು ತಂದು ನಮ್ಮ ಮನೆಯ ಮಂಚದ ಮೇಲೆ ಮಲಗಿಸಿ, “ಗೋಡೆಗೆ ನೇತಾಕಿ ಹೋದ್ರೆ ಹಾಳಾಗ್ತದೆ ಸಾರ್. ಲೋಸಾರ್‌ಗೆ ಬರ್ತೀನಿ. ಅಲ್ಲಿವರೆಗೂ ಏನ್ ಬೇಕಾದ್ರೂ ಮಾಡ್ಕೊಳಿ” ಎಂದ. ಲೋಸಾರ್ ಅವರ ಹೊಸ ವರ್ಷ, ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಬರುತ್ತದೆ. ಏನು ಬೇಕಾದರೂ ಎಂದು ಅವನು ಹೇಳಿದ್ದು ನುಡಿಸಿಕೊಳ್ಳಿ ಎನ್ನುವ ಅರ್ಥದಲ್ಲೇ ಇರಬೇಕು. ನಲವತ್ತು ದಿನ ಕಳೆದ ಮೇಲೆ ಅವನ ಗಿಟಾರಿನ ಮೇಲೆ ಅರ ಹಿಡಿದು ಕೂತಾಗ, ಆ ಮಾತಿಗೆ ಅದಕ್ಕಿಂತ ವಿಶಾಲವಾದ ಅರ್ಥವಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂತ ಲೋಹದ ಕಂಬಿಗಳಿಗೆ ಹುಡುಗರು ಫ್ರೆಟ್ಟು ಎನ್ನುತ್ತಾರೆ. ನನಗೆ ವೀಣೆಯವರ ಮಾತೇ ಇಷ್ಟ: ಮೆಟ್ಟಿಲು. ವೀಣೆಗೆ ಕತ್ತಾಗಿ ದಂಡಿ ಇದೆ, ತಂತಿ ಶುರುವಾಗುವ ಕಡೆ ಮೇರು ಇದೆ, ತಂತಿ ಬಿಗಿಯಲು ಬಿರಡೆ ಇದೆ, ತಂತಿಯನ್ನು ಹೊತ್ತು ನಿಲ್ಲುವ ಕುದುರೆ ಇದೆ. ಅಷ್ಟೂ ಗಿಟಾರಿಗೂ ಇದೆ. ನಮ್ಮಲ್ಲಿ ಹೆಸರಿಲ್ಲವೆಂದು ಇಂಗ್ಲಿಷಿನವರ ಮನೆ ಬಾಗಿಲಿಗೆ ಹೋಗುವ ಅಗತ್ಯವೇ ಇಲ್ಲ. ವೀಣೆಗೆ 24 ಮೆಟ್ಟಿಲು, ಈ ಗಿಟಾರಿಗೆ 20. ವ್ಯತ್ಯಾಸವಿರುವುದು ಎಣಿಕೆಯಲ್ಲಲ್ಲ, ಕೂರಿಸುವುದರಲ್ಲಿ. ವೀಣೆಯ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಜೇನುಮೇಣಕ್ಕೆ ಇದ್ದಿಲ ಪುಡಿ ಸೇರಿಸಿ ಎರಡು ಗೋಡೆ ಕಟ್ಟಿ, ಅದರ ಮೇಲೆ ಒಂದೊಂದೇ ಮೆಟ್ಟಿಲನ್ನು ಕಿವಿಯಿಂದ ಅಳೆದು ಒತ್ತುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಮೇಣ ಒಣಗಿತೋ ಬಿಸಿಲಿಗೆ ಜಾರಿತೋ, ಮತ್ತೆ ಕಟ್ಟಿಸಿದರಾಯಿತು. ಹದಿಮೂರನೇ ಶತಮಾನದ ಸಂಗೀತರತ್ನಾಕರವನ್ನು ತೆರೆದರೆ ಕಿನ್ನರಿ ವೀಣೆಗೆ ರಣಹದ್ದಿನ ಮೂಳೆಯ ಮೆಟ್ಟಿಲು ಎಂದಿದೆ. ಶರಣರಲ್ಲಿ ಕಿನ್ನರಿ ಬೊಮ್ಮಯ್ಯನಿಗೆ ಆ ವಾದ್ಯದಿಂದಲೇ ಹೆಸರು ಬಂತು. ಅವನ ಕಸುಬು ಅಕ್ಕಸಾಲಿಕೆ. ಅರ ಹಿಡಿಯುವ ಕೈಗೂ ತಂತಿ ಮೀಟುವ ಕೈಗೂ ನಂಟು ಹಳೆಯದು ಎಂದುಕೊಂಡು ನಾನು ಧೈರ್ಯ ತಂದುಕೊಂಡದ್ದು ಆಮೇಲಿನ ಮಾತು.

ಗಿಟಾರಿನ ಮೆಟ್ಟಿಲಿಗೆ ಮೇಣದ ದಾಕ್ಷಿಣ್ಯವಿಲ್ಲ. ಕಟ್ಟಿಗೆಯಲ್ಲಿ ಗರಗಸದ ಗೆರೆ ಹಾಕಿ, ಕಂಬಿಯ ಕೆಳಗಿನ ಅಲಗನ್ನು ಅದರೊಳಗೆ ಬಡಿದು ಕೂರಿಸಿರುತ್ತಾರೆ. ಎಲ್ಲಿ ಕೂರಬೇಕೆಂದು ತೀರ್ಮಾನ ಮಾಡುವುದು ಕಿವಿಯೂ ಅಲ್ಲ, ಲೆಕ್ಕ. ಮೇರುವಿನಿಂದ ಕುದುರೆಯವರೆಗಿನ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ಜಾಗ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. 650 ಮಿಲಿಮೀಟರ್ ಉದ್ದದ ತಂತಿಯಾದರೆ ಮೊದಲ ಮೆಟ್ಟಿಲು ಮೂವತ್ತಾರೂವರೆ ಮಿಲಿಮೀಟರಿನಲ್ಲಿ, ಹನ್ನೆರಡನೆಯದು ಸರಿಯಾಗಿ ನಡುಮಧ್ಯ, 325ರಲ್ಲಿ. ದಶಮಾಂಶದ ತಲೆನೋವು ಹುಟ್ಟುವ ಮೊದಲು ಇದನ್ನು 18 ಎಂದೇ ಇಟ್ಟುಕೊಂಡು ಕೆಲಸ ಸಾಗಿಸುತ್ತಿದ್ದರು. 1581ರಲ್ಲಿ ಆ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟವನು ವಿನ್ಸೆಂಜೊ ಗೆಲಿಲಿ ಎಂಬ ಇಟಲಿಯ ವಾದ್ಯಗಾರ. ಅವನ ಮಗ ಆಕಾಶದ ಲೆಕ್ಕಕ್ಕೆ ಕೈಹಾಕಿ ಕೋರ್ಟು ಕಚೇರಿ ಕಂಡ ಗೆಲಿಲಿಯೊ. ಅಪ್ಪ ಮೆಟ್ಟಿಲಿಗೇ ನಿಂತದ್ದು ಕ್ಷೇಮವಾಯಿತು.

ಇನ್ನು ದುಂಬಿಯ ಗೂಡು ಎಲ್ಲಿ ಎನ್ನುವುದು. ಏಳರಲ್ಲಿ ಒತ್ತಿದಾಗ ಕೇಳುವುದರಿಂದ ತಪ್ಪು ಏಳನೆಯದರದ್ದೇ ಎಂದು ನಾನು ನಾಲ್ಕು ದಿನ ಅದನ್ನೇ ದಿಟ್ಟಿಸಿದೆ. ಅದು ನಿರಪರಾಧಿ. ಏಳರಲ್ಲಿ ಬಗ್ಗಿದ ತಂತಿ ಕುದುರೆಯ ಕಡೆಗೆ ಹೊರಟಾಗ ಮುಂದಿನ ಮೆಟ್ಟಿಲು ಕೂದಲೆಳೆ ಎತ್ತರವಿದ್ದರೆ ಕಂಪಿಸುತ್ತಾ ಅದಕ್ಕೆ ತಾಗುತ್ತದೆ. ದೂರು ಬರುವುದು ಏಳನೇ ಮನೆಯಿಂದ, ಗಲಾಟೆ ಮಾಡುವವರು ಎಂಟನೇ ಮನೆಯವರು. ಇದನ್ನು ಪತ್ತೆಹಚ್ಚಲು ಬೇಕಾದದ್ದು ಹಳೆಯ ಎಟಿಎಂ ಕಾರ್ಡು. ಅದರ ನೇರ ಅಂಚನ್ನು ಮೂರು ಮೆಟ್ಟಿಲುಗಳ ಮೇಲೆ ಒಟ್ಟಿಗೆ ಇಡಬೇಕು. ನಡುವಿನದು ಎತ್ತರವಿದ್ದರೆ ಕಾರ್ಡು ಏತದ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗುತ್ತದೆ. ಏಳು, ಎಂಟು, ಒಂಬತ್ತರ ಮೇಲೆ ಟಕ್ ಟಕ್ ಎಂದಿತು. ಉದ್ದಕ್ಕೂ ಇಟ್ಟು ನೋಡಿದರೆ ಎಂಟೊಂದೇ ಅಲ್ಲ, ನಾಲ್ಕರಲ್ಲೂ ಹನ್ನೊಂದರಲ್ಲೂ ಸಣ್ಣ ತೂಗಾಟ. ಹದಿಮೂರರ ಕಥೆ ಬೇರೆ, ಅಲ್ಲಿಗೆ ಆಮೇಲೆ ಬರೋಣ.

ಎಂಟನೆಯದು ಒಂದು ಬದಿಯಲ್ಲಿ ಎದ್ದು ನಿಂತಿತ್ತು. ಬಡಗಿಯ ಕೊಡತಿ ತಂದು, ಬಟ್ಟೆ ಸುತ್ತಿ, ಮೆಲ್ಲಗೆ ಎರಡೇಟು ಕೊಟ್ಟೆ. ಕೂತಿತು. ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಎದ್ದಿತ್ತು. ಮಾರನೆಯ ದಿನ ಒಂದು ಹನಿ ಫೆವಿಕ್ವಿಕ್ ಬಿಟ್ಟು ಬಡಿದೆ. ಈ ಬಾರಿ ಮುಕ್ಕಾಲು ಪಾಲು ಕೂತಿತು, ನನ್ನ ತೋರುಬೆರಳೂ ಜೊತೆಗೆ ಅಂಟಿತು. ಉಳಿದ ಕಾಲು ಪಾಲಿಗೆ ಉಜ್ಜುವುದೊಂದೇ ದಾರಿ. ಬೆಂಗಳೂರಿನ ಒಬ್ಬ ಕಸುಬುದಾರರಿಗೆ ಫೋನು ಮಾಡಿ ಕೇಳಿದ್ದೆ. ಅವರು ಹೇಳಿದ ಕೂಲಿಗೆ ಇನ್ನೊಂದು ಗಿಟಾರೇ ಬರುತ್ತಿತ್ತು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಹೋಗಿ ಬರುವ ಕಷ್ಟ ಬೇರೆ.

ಮೊದಲು ದಂಡಿ ನೇರವಾಗಬೇಕು. ಬಾಗಿದ ನೆಲದ ಮೇಲೆ ಕಟ್ಟಿದ ಗೋಡೆಯನ್ನು ಮಟ್ಟ ಮಾಡಿ ಏನು ಬಂತು? ತಂತಿಗಳ ಎಳೆತಕ್ಕೆ ದಂಡಿ ಬಿಲ್ಲಿನಂತೆ ಬಾಗದಿರಲೆಂದು ಅದರ ಹೊಟ್ಟೆಯೊಳಗೆ ಉಕ್ಕಿನ ಸರಳೊಂದನ್ನು ಇಟ್ಟಿರುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯ ಥಾಡಿಯಸ್ ಮೆಕ್‌ಹ್ಯೂ ಎಂಬಾತ ಪೇಟೆಂಟು ಪಡೆದ ಉಪಾಯ ಇದು. ಅಲನ್ ಕೀ ಹಾಕಿ ತಿರುಗಿಸಿದರೆ ಸರಳು ಬಿಗಿಯಾಗಿ ದಂಡಿ ನೆಟ್ಟಗಾಗುತ್ತದೆ. ಹೆಚ್ಚು ತಿರುಗಿಸಿದರೆ ಹಿಂದಕ್ಕೆ ಬಾಗುತ್ತದೆ. ಇನ್ನೂ ಹೆಚ್ಚು ತಿರುಗಿಸಿದವರು ಅದರ ಫಲವನ್ನು ಅನುಭವಿಸಿಯೇ ತಿಳಿದಿದ್ದಾರೆ. ಕಾಲು ಸುತ್ತು ತಿರುಗಿಸಿ ಒಂದು ರಾತ್ರಿ ಬಿಡಬೇಕು. ಮರಕ್ಕೆ ನಮ್ಮ ಅವಸರ ಅರ್ಥವಾಗುವುದಿಲ್ಲ.

ಮರವೆಂದಾಗ ನೆನಪಾಯಿತು. ಮೆಟ್ಟಿಲು ಕೂತ ಆ ಕಪ್ಪು ಹಲಗೆ ಬೀಟೆ. ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾದ ಮೇಲೆ, 1969ರಲ್ಲಿ, ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ ತನ್ನ ಗಿಟಾರುಗಳಿಗೆ ನಮ್ಮ ಕಡೆಯ ಬೀಟೆಯನ್ನು ಒಗ್ಗಿಸಿಕೊಂಡಿತು. ಅಲ್ಲಿಂದೀಚೆಗೆ ಲೋಕದ ಎಷ್ಟು ಬೆರಳುಗಳು ಪಶ್ಚಿಮಘಟ್ಟದ ಮರದ ಮೇಲೆ ಓಡಾಡಿವೆಯೋ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿ, ಗಿಟಾರು ಹಿಡಿದು ಗಡಿ ದಾಟುವವರಿಗೂ ಕಾಗದಪತ್ರದ ಪರದಾಟ ಶುರುವಾಯಿತು. ಎರಡು ವರ್ಷದ ಮೇಲೆ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ನಮ್ಮಲ್ಲಿ ಸ್ವಂತ ಜಮೀನಿನಲ್ಲಿ ಬೆಳೆದ ಬೀಟೆ ಕಡಿಯಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ನೆರಳಿನಲ್ಲಿ ಮಲಗಲು ಮಾತ್ರ ಯಾರ ಅಪ್ಪಣೆಯೂ ಬೇಡ. ಈ ಗಿಟಾರಿನ ಹಲಗೆ ಬಿಸಿಲುಗಾಲಕ್ಕೆ ಒಣಗಿ ಕೊಂಚ ಸೊರಗಿತ್ತು. ಮರ ಸೊರಗಿದರೂ ಲೋಹ ಸೊರಗದು. ಹಾಗಾಗಿ ಕಂಬಿಗಳ ತುದಿಗಳು ಎರಡೂ ಪಕ್ಕದಲ್ಲಿ ಹೊರಗೆ ಇಣುಕಿ, ಅಂಗೈಗೆ ರಾಗಿ ಕೂಳೆ ಚುಚ್ಚಿದ ಹಾಗೆ ಚುಚ್ಚುತ್ತಿದ್ದವು. ಅವನ್ನೂ ಅರದಿಂದ ಮೊಂಡು ಮಾಡಿದೆ. ಹತ್ತಿಯಲ್ಲಿ ಅಗಸೆ ಎಣ್ಣೆ ಅದ್ದಿ ಸವರಿದಾಗ ಹಲಗೆ ಕುಡಿದ ರಭಸ ನೋಡಿದರೆ ಅದಕ್ಕೆ ಎಷ್ಟು ವರ್ಷದ ಬಾಯಾರಿಕೆಯೋ ಅನ್ನಿಸಿತು.

ಮಟ್ಟ ಮಾಡಲು ಮಟ್ಟವಾದದ್ದೊಂದು ಬೇಕಲ್ಲ. ಗಾರೆಯವರ ಮಟ್ಟಗೋಲು, ರಸಮಟ್ಟ ಎಲ್ಲ ತಂದು ಇಟ್ಟು ನೋಡಿದೆ. ಮನೆ ಕಟ್ಟಲು ಸಾಕಾಗುವ ನೇರ ಗಿಟಾರಿಗೆ ಸಾಲದು. ಕೊನೆಗೆ ಕಾಪಾಡಿದ್ದು ನಮ್ಮ ಜಿಲ್ಲೆಯ ಕರಿಕಲ್ಲು. ಚಾಮರಾಜನಗರದ ಕಪ್ಪು ಗ್ರಾನೈಟು ಹೊರದೇಶಗಳಲ್ಲಿ ಸಮಾಧಿಯ ಕಲ್ಲಾಗುತ್ತದೆ, ಇಲ್ಲಿ ಅಡುಗೆಕಟ್ಟೆಯಾಗುತ್ತದೆ. ಯಂತ್ರದಿಂದ ನಯ ಮಾಡಿದ ಕಲ್ಲಿಗಿಂತ ಸಮವಾದ ವಸ್ತು ಬಡವರ ಮನೆಯಲ್ಲಿ ಸಿಗುವುದಿಲ್ಲ. ಕಾರ್ಖಾನೆಗಳಲ್ಲೂ ಅಳತೆಯ ಪೀಠಕ್ಕೆ ಗ್ರಾನೈಟನ್ನೇ ಇಡುತ್ತಾರೆ. ಕಟ್ಟೆ ಕಲ್ಲು ಕೂರಿಸುವವರ ಬಳಿ ಕತ್ತರಿಸಿ ಬಿಸಾಕಿದ ಚೂರು ಕೇಳಿದೆ. ಒಂದಡಿ ಉದ್ದ, ಎರಡಿಂಚು ಅಗಲ. ದುಡ್ಡು ಬೇಡವೆಂದರು. ಏತಕ್ಕೆಂದು ಕೇಳಿದರು. ಗಿಟಾರು ಉಜ್ಜುವುದಕ್ಕೆ ಎಂದೆ. ಅವರು ಮತ್ತೇನೂ ಕೇಳಲಿಲ್ಲ.

ಆ ಕಲ್ಲಿನ ನಯವಾದ ಮುಖಕ್ಕೆ 400ರ ವಾಟರ್ ಪೇಪರನ್ನು ಎರಡೂ ಬದಿ ಅಂಟುವ ಟೇಪಿನಿಂದ ಅಂಟಿಸಿದೆ. ನಮ್ಮ ಕಡೆ ಹಳಬರು ಇದಕ್ಕೆ ಉಪ್ಪುಕಾಗದ ಎನ್ನುತ್ತಾರೆ. ಕೊಳ್ಳೇಗಾಲ 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಬಡಗಿಗಳ, ಕಮ್ಮಾರರ ಮಾತಿನಲ್ಲಿ ಕನ್ನಡ, ತಮಿಳು ಎರಡೂ ಭಾಷೆಗಳ ಉಪ್ಪು ಕಲಸಿದೆ. ಇಲ್ಲಿ ಅರ ಎಂದರೆ ಗಡಿ ಆಚೆಗೆ ಅರಂ. ತಂತಿ ಬಿಚ್ಚಿ, ಕಂಬಿಗಳ ನಡುವಿನ ಮರಕ್ಕೆ ಪೇಂಟರುಗಳ ಕಾಗದದ ಟೇಪು ಅಂಟಿಸಿ, ಇಪ್ಪತ್ತು ಮೆಟ್ಟಿಲುಗಳ ನೆತ್ತಿಗೂ ಕಪ್ಪು ಮಾರ್ಕರು ಬಳಿದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಹರಕೆ ಹೊತ್ತವರು ಬಗ್ಗಿ ಬಗ್ಗಿ ಅರಿಸಿನ ಕುಂಕುಮ ಹಚ್ಚಿಕೊಂಡು ಹತ್ತುವುದನ್ನು ನೋಡಿದ್ದೀರಲ್ಲ, ಅದೇ ಭಂಗಿ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, “ರೀ, ಆ ಹುಡುಗ ಬಂದ್ರೆ ನಾನು ತವರಿಗೆ ಹೋಗಿರ್ತೀನಿ, ನೀವೇ ಮಾತಾಡ್ಕೊಳ್ಳಿ” ಎಂದಳು.

ಕಲ್ಲನ್ನು ಭಾರ ಹಾಕದೆ, ಅದರ ತೂಕಕ್ಕೇ ಬಿಟ್ಟು, ತಂತಿ ಓಡುವ ದಿಕ್ಕಿನಲ್ಲಿ ಹಿಂದೆ ಮುಂದೆ ಓಡಿಸಬೇಕು. ಹಲಗೆಯ ಬೆನ್ನು ಕೊಂಚ ಉಬ್ಬಿರುತ್ತದೆ, ಹಾಗಾಗಿ ಒಂದು ಅಂಚಿನಿಂದ ಇನ್ನೊಂದಕ್ಕೆ ಪಟ್ಟೆ ಪಟ್ಟೆಯಾಗಿ ಸಾಗಬೇಕು, ಉಳುವವನು ಸಾಲು ಹಿಡಿದ ಹಾಗೆ. ಕಿರ್ರ್, ಕಿರ್ರ್. ಮೊದಲು ಕಪ್ಪು ಹೋದದ್ದು ಎಂಟರದು. ಆಮೇಲೆ ನಾಲ್ಕು, ಹನ್ನೊಂದು. ಇನ್ನೂ ಹತ್ತು ಓಟಕ್ಕೆ ಐದಾರು ಮೆಟ್ಟಿಲು ಬೆಳ್ಳಗೆ ಹೊಳೆದವು. ಹದಿಮೂರು ಮಾತ್ರ ಕಪ್ಪಗೇ ಇತ್ತು. ಮತ್ತೆ ಉಜ್ಜಿದೆ. ಹತ್ತೊಂಬತ್ತು ಬೆಳ್ಳಗಾದವು, ಹದಿಮೂರಕ್ಕೆ ಕಲ್ಲು ತಾಗಿಯೇ ಇಲ್ಲ.

ಈ ಕೆಲಸದ ನಿಷ್ಠುರ ತಿಳಿಯುವುದು ಇಲ್ಲಿ. ವೀಣೆಯಾಗಿದ್ದರೆ ತಗ್ಗಿದ ಮೆಟ್ಟಿಲಿನ ಕೆಳಗೆ ಚಿಟಿಕೆ ಮೇಣ ಸೇರಿಸಿ ಎತ್ತಬಹುದಿತ್ತು. ಗಿಟಾರಿನಲ್ಲಿ ತಗ್ಗಿದ್ದನ್ನು ಎತ್ತುವ ಹಾಗಿಲ್ಲ. ಉಳಿದ ಹತ್ತೊಂಬತ್ತೂ ಇಳಿದು ಅದರ ಮಟ್ಟಕ್ಕೆ ಬರಬೇಕು. ತರಗತಿಯಲ್ಲಿ ಮೂವತ್ತು ವರ್ಷ ಇಂಥದ್ದನ್ನೇ ಮಾಡಿದೆನೇನೋ ಎಂದು ಒಂದು ಕ್ಷಣ ಕಸಿವಿಸಿಯಾಯಿತು, ಆದರೆ ಅದು ಈ ಪ್ರಬಂಧಕ್ಕೆ ಸೇರಿದ್ದಲ್ಲ. ಕಂಬಿಯ ಎತ್ತರವೇ ಒಂದು ಮಿಲಿಮೀಟರಿನ ಆಸುಪಾಸು. ಉಜ್ಜುವುದು ಅದರಲ್ಲಿ ಹತ್ತನೇ ಒಂದು ಪಾಲು, ಒಂದೆರಡು ತಲೆಕೂದಲಿನಷ್ಟು. ಹದಿಮೂರನೆಯದಕ್ಕಾಗಿ ಉಳಿದವನ್ನೆಲ್ಲ ಸವೆಸುತ್ತಾ ಹೋದರೆ ಲೋಸಾರ್ ಹೊತ್ತಿಗೆ ಹಲಗೆಯೊಂದೇ ಉಳಿಯುತ್ತದೆ. ಅದರ ಕಪ್ಪು ಅರ್ಧ ಅಳಿದಾಗ ಕಲ್ಲು ಕೆಳಗಿಟ್ಟೆ.

ನಡುವೆ ಜನವರಿಯ ಹುಣ್ಣಿಮೆ ಬಂತು, ಚಿಕ್ಕಲ್ಲೂರು ಜಾತ್ರೆ. ಮೆಟ್ಟಿಲನ್ನು ಅರ್ಧಕ್ಕೆ ಬಿಟ್ಟು ಹೋದೆ. ನೀಲಗಾರರು ತಂಬೂರಿಯನ್ನು ಹೆಗಲಿಗಾನಿಸಿಕೊಂಡು ರಾತ್ರಿಯಿಡೀ ಮಂಟೇಸ್ವಾಮಿಯನ್ನೂ ಸಿದ್ದಪ್ಪಾಜಿಯನ್ನೂ ಹಾಡುವ ಜಾಗ ಅದು. ಗುರುವಿನ ಅಪ್ಪಣೆಯಂತೆ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಪಟ್ಟ ಪಾಡನ್ನು ಕೇಳುವಾಗ, ಆ ವಾರ ನನಗೆ ಕಬ್ಬಿಣ, ಕುಲುಮೆ, ಅರ ಎಂಬ ಮಾತುಗಳಿಗೆಲ್ಲ ಬೇರೆಯೇ ಕಿವಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ತಂಬೂರಿ. ಅದಕ್ಕೆ ಮೆಟ್ಟಿಲೇ ಇಲ್ಲ. ಹುಡುಗನ ಅಜ್ಜ ನುಡಿಸುವ ದ್ರಾಂಯೆನ್‌ಗೂ ಇಲ್ಲ. ಆರು ತಂತಿ, ಜೋಡಿ ಜೋಡಿಯಾಗಿ ಮೂರು ಸಾಲು, ಹೊಟ್ಟೆಗೆ ಚರ್ಮದ ಹೊದಿಕೆ, ಕತ್ತು ಬರಿದು. ಆ ಹೆಸರಿಗೆ ಅವರ ಭಾಷೆಯಲ್ಲಿ ಇಂಪಾದ ನಾದವೆಂದೇ ಅರ್ಥ. ಕ್ಯಾಂಪಿನ ಹಳಬರೆಲ್ಲರಂತೆ ಅವರೂ ಮಾತಾಡುವುದು ನಮ್ಮ ಕೊಳ್ಳೇಗಾಲದ ಕನ್ನಡ. ಹಿಂದೊಮ್ಮೆ ಮೊಮ್ಮಗನ ಗಿಟಾರನ್ನು ತೋರಿಸಿ ನನ್ನನ್ನು ಕೇಳಿದ್ದರು: “ಅದ್ಯಾಕ್ ಮೇಷ್ಟ್ರೇ ಅಷ್ಟೊಂದ್ ಗೆರೆ? ಬೆರಳ್ಗೆ ಕಣ್ಣಿಲ್ವಾ?” ನಾನು ಉತ್ತರ ಕೊಟ್ಟಿರಲಿಲ್ಲ. ನನ್ನ ಬೆರಳಿಗೆ ಕಣ್ಣಿಲ್ಲದಿರುವುದು ಅವರಿಗೂ ಗೊತ್ತಿತ್ತು.

ತಂಬೂರಿಯ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಸಂಗೀತ ಕಚೇರಿಯ ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯ ಅಡಿಗೆ ಒಂದೆಳೆ ದಾರ ಸಿಕ್ಕಿಸುತ್ತಾರೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ, ತಂತಿ ಕುದುರೆಯ ಅಗಲವಾದ ಬೆನ್ನಿಗೆ ತಾಗೀ ತಾಗದ ಹಾಗೆ ಕಂಪಿಸಿ ಗುಂಯ್ ಎನ್ನುವ ಜಾಗವನ್ನು ಹುಡುಕುತ್ತಾರೆ. ಅದು ಸಿಕ್ಕಿದಾಗ ತಂಬೂರಿಗೆ ಜೀವ ಬಂತು ಎನ್ನುತ್ತಾರೆ. ದಾರಕ್ಕೇ ಜೀವ ಎಂದು ಹೆಸರು. ಸಿ.ವಿ. ರಾಮನ್ ಅವರು ಬೆಂಗಳೂರಿಗೆ ಬರುವುದಕ್ಕೆ ಮೊದಲು, 1921ರಲ್ಲಿ, ಕಲ್ಕತ್ತೆಯಲ್ಲಿ ಕೂತು ಇದರ ಗುಟ್ಟನ್ನು ಬರೆದರು. ತಂತಿಯನ್ನು ನಡುಮಧ್ಯದಲ್ಲಿ ಮೀಟಿದರೆ, ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲೇಬಾರದು ಎನ್ನುವುದು ಯುರೋಪಿನವರ ನಿಯಮ. ತಂಬೂರಿಯಲ್ಲಿ, ವೀಣೆಯಲ್ಲಿ ಅವು ಹುಟ್ಟುತ್ತವೆ. ಕಾರಣ, ಬಾಗಿದ ಆ ಕುದುರೆಗೆ ತಂತಿ ತಾಗಿ ತಾಗಿ ಬಿಡುವುದು. ಅಂದರೆ ನಾನು ಒಂದೂವರೆ ತಿಂಗಳಿಂದ ಕಲ್ಲು ಕಾಗದ ಹಿಡಿದು ಯಾವ ದುಂಬಿಯನ್ನು ಓಡಿಸುತ್ತಿದ್ದೆನೋ, ನಮ್ಮವರು ಅದನ್ನೇ ದಾರ ಹಾಕಿ ಕರೆಯುತ್ತಾರೆ. ಗಿಟಾರಿನಲ್ಲಿ ರೋಗ, ತಂಬೂರಿಯಲ್ಲಿ ಜೀವ. ಜಾತ್ರೆಯಿಂದ ಬಂದ ರಾತ್ರಿ ಕರೆಂಟಿರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಗಿಟಾರನ್ನು ನೋಡುತ್ತಾ, ಹೀಗೇ ಬಿಟ್ಟು ಇದನ್ನೇ ಜೀವ ಎಂದು ಹುಡುಗನಿಗೆ ಉಪನ್ಯಾಸ ಕೊಟ್ಟರೆ ಹೇಗೆ ಎಂದು ಯೋಚಿಸಿದ್ದು ನಿಜ. ಆಗುವುದಿಲ್ಲ. ತಂಬೂರಿಯ ದುಂಬಿ ಎಲ್ಲ ತಂತಿಯಲ್ಲೂ, ಎಲ್ಲ ಹೊತ್ತಿನಲ್ಲೂ ಒಂದೇ ಸಮ ಹಾಡುತ್ತದೆ. ಈ ದುಂಬಿ ಒಂದೇ ಮನೆಯಲ್ಲಿ, ಒಂದೇ ತಂತಿಯಲ್ಲಿ. ಅದಕ್ಕೆ ಜೀವ ಎನ್ನಲು ನನಗೆ ಬಾಯಿ ಬರಲಿಲ್ಲ.

ಮಟ್ಟ ಮಾಡಿದ ಮೆಟ್ಟಿಲುಗಳಿಗೆ ನೆತ್ತಿ ಚಪ್ಪಟೆಯಾಗಿರುತ್ತದೆ. ಚಪ್ಪಟೆ ನೆತ್ತಿಯ ಮೇಲೆ ತಂತಿ 17.817ರ ಲೆಕ್ಕದ ಪ್ರಕಾರ ನಡುವಿನಲ್ಲಿ ಕೂರದೆ, ಕುದುರೆಯ ಕಡೆಯ ಅಂಚಿನಲ್ಲಿ ಕೂರುತ್ತದೆ. ಸ್ವರ ಎಳ್ಳಷ್ಟು ಏರುತ್ತದೆ, ನಾದ ಮಂಕಾಗುತ್ತದೆ. ಆದ್ದರಿಂದ ಒಂದೊಂದಕ್ಕೂ ಮತ್ತೆ ದುಂಡು ನೆತ್ತಿ ತೆಗೆಯಬೇಕು. ಇದಕ್ಕೆಂದೇ ಹೊಟ್ಟೆ ತಗ್ಗಾದ ಅರ ಸಿಗುತ್ತದೆ, ದುಬಾರಿ. ಮೂರು ಮೂಲೆಯ ಸಣ್ಣ ಅರದ ಮೂಲೆಗಳನ್ನು ಉಜ್ಜಿ ಮೊಂಡು ಮಾಡಿಕೊಂಡರೂ ನಡೆಯುತ್ತದೆ. ಕೊಳ್ಳೇಗಾಲದ ಅಕ್ಕಸಾಲಿಗರೊಬ್ಬರ ಬಳಿ ಹೋಗಿ ಕೇಳಿದೆ. ಅವರು ಗಿಟಾರಿನ ಒಂದು ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ, ಕನ್ನಡಕ ಏರಿಸಿ, “ಬೆಳ್ಳಿಯಾ ಮೇಷ್ಟ್ರೇ?” ಎಂದರು. ಜರ್ಮನ್ ಸಿಲ್ವರ್ ಎಂದೆ. ನಕ್ಕುಬಿಟ್ಟರು. ತಾಮ್ರ, ನಿಕ್ಕಲ್, ಸತುವು ಮೂರರ ಮಿಶ್ರಣ. ಅದರಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ಚೀನಾದವರು ಯಾವ ಕಾಲದಿಂದಲೋ ಮಾಡುತ್ತಿದ್ದುದನ್ನು ಜರ್ಮನರು ನಕಲು ಮಾಡಿ ಹೆಸರು ಹೊಡೆದುಕೊಂಡರು. ನಮ್ಮ ಮದುವೆಗಳಲ್ಲಿ ಕುಂಕುಮದ ಬಟ್ಟಲಾಗಿ, ಗೃಹಪ್ರವೇಶಗಳಲ್ಲಿ ಆರತಿ ತಟ್ಟೆಯಾಗಿ ಕೈಯಿಂದ ಕೈಗೆ ದಾಟುತ್ತಾ, ಯಾರೂ ಇಟ್ಟುಕೊಳ್ಳದೆ, ಕೊನೆಗೆ ಮೊದಲು ಕೊಟ್ಟವರಿಗೇ ಬಂದು ಸೇರುವ ಲೋಹ ಅದು. ಲೋಕದ ಬಹುಪಾಲು ಗಿಟಾರುಗಳ ಮೆಟ್ಟಿಲು ಆಗಿರುವುದೂ ಅದರಲ್ಲೇ. ಅಕ್ಕಸಾಲಿಗರು ಸವೆದ ಅರವೊಂದನ್ನು ಕೊಟ್ಟು, ಬಿಗಿಯಾಗಿ ಹಿಡಿಯಬೇಡಿ, ಅರಕ್ಕೆ ಹೋಗಬೇಕಾದ ಕಡೆ ಗೊತ್ತಿರುತ್ತದೆ ಎಂದರು. “ಚಿನ್ನವಾಗಿದ್ರೆ ಧೂಳೂ ಬಿಡ್ತಿರ್ಲಿಲ್ಲ. ಇದು ನೀವೇ ಇಟ್ಕೊಳಿ.”

ಮತ್ತೆ ಕಪ್ಪು ಬಳಿದು, ಎರಡೂ ಕೆನ್ನೆಯಿಂದ ನೆತ್ತಿಯ ಕಡೆಗೆ ಅರ ಓಡಿಸಬೇಕು. ನಡುವೆ ಬೈತಲೆಯಷ್ಟು ಸಣ್ಣದೊಂದು ಕಪ್ಪು ಗೆರೆ ಉಳಿಯುವಾಗ ನಿಲ್ಲಿಸಬೇಕು. ಆ ಗೆರೆ ಅಳಿದರೆ ಮಟ್ಟ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಒಂದು ಮೆಟ್ಟಿಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ದಿನಕ್ಕೆ ಎರಡು ಮೆಟ್ಟಿಲು, ಶಾಲೆಯಿಂದ ಬಂದ ಮೇಲೆ. ಹತ್ತು ದಿನ. ಇಡೀ ಕೆಲಸದಲ್ಲಿ ನನಗೆ ಸುಖ ಕೊಟ್ಟದ್ದು ಇದೊಂದೇ. ಮಟ್ಟ ಮಾಡುವಾಗ ಇಪ್ಪತ್ತೂ ಒಂದೇ ಗುಂಪು, ಯಾರ ಮುಖವೂ ಕಾಣುವುದಿಲ್ಲ. ನೆತ್ತಿ ತೆಗೆಯುವಾಗ ಒಂದೊಂದೂ ಬೇರೆ. ಎರಡನೆಯದು ಮೆದು, ಹದಿನೇಳು ಕೊನೆಯವರೆಗೂ ಹಟ ಮಾಡಿತು, ಎಂಟು, ಇಷ್ಟೆಲ್ಲಕ್ಕೂ ಕಾರಣವಾದ ಎಂಟು, ನಾಲ್ಕೇ ಎಳೆತಕ್ಕೆ ಮಣಿಯಿತು. ಹೊರಗೆ ಜೋಳದ ಹೊಲದಲ್ಲಿ ಪಟಾಕಿ ಹಾರಿದಾಗಲೆಲ್ಲ ಕೈ ನಡುಗಿ ಅರ ಜಾರುತ್ತಿತ್ತು. ಐದನೇ ಮತ್ತು ಆರನೇ ಮೆಟ್ಟಿಲಿನ ನಡುವೆ ಟೇಪು ಹರಿದು ಬೀಟೆಯ ಮೇಲೆ ಒಂದು ಗೀರು ಬಿದ್ದಿದೆ. ಅದು ಆನೆಯ ಲೆಕ್ಕಕ್ಕೆ.

ಹೊಳಪು ಕೊಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 600, 1000, 1500, 2000, ಹೀಗೆ ಒಂದಕ್ಕಿಂತ ಒಂದು ನಯವಾದ ಕಾಗದ, ಪ್ರತಿಯೊಂದೂ ಹಿಂದಿನದರ ಗೀರನ್ನು ಅಳಿಸಲಿಕ್ಕೆ. ತಾಳ್ಮೆಯಿದ್ದವರು ಯಾರಾದರೂ ಮಾಡಬಹುದು. ಕೊನೆಗೆ ಬ್ರಾಸೋ. ಮನೆಯ ಬ್ರಾಸೋ ಡಬ್ಬಿ ಬತ್ತಿತ್ತು. ಹೆಂಡತಿ ದೇವರ ಪಾತ್ರೆ ಉಜ್ಜುವ ಪೀತಾಂಬರಿ ಪುಡಿ ತಂದಿಟ್ಟು, ಹಳೆಯ ಪಂಚೆಯ ತುಂಡು ಹರಿದು, ನನ್ನ ಕೈಯಿಂದ ಕಸಿದುಕೊಂಡು ಮೊದಲ ಐದು ಮೆಟ್ಟಿಲನ್ನು ತಾನೇ ಉಜ್ಜಿದಳು. ಇಡೀ ಗಿಟಾರಿನಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿರುವುದು ಆ ಐದೇ.

ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಮೂರನೇ ತಂತಿಯನ್ನು ಏಳನೇ ಮನೆಯಲ್ಲಿ ಒತ್ತಿ ಮೀಟಿದೆ. ಸ್ವರ. ಬರೀ ಸ್ವರ. ಇನ್ನೊಮ್ಮೆ ಮೀಟಿದೆ. ಹೆಂಡತಿಯನ್ನು ಕರೆದು ಕೇಳಿಸಿದೆ. ಮೊದಲೂ ಹೀಗೇ ಇತ್ತಲ್ಲವಾ ಎಂದಳು. ಅಜ್ಜನ ಮನೆಗೆ ಎತ್ತಿಕೊಂಡು ಹೋದೆ. ಅವರು ಕಣ್ಣು ಮುಚ್ಚಿ ಕೇಳಿ, ನನ್ನ ಕೈಯಿಂದ ತೆಗೆದುಕೊಂಡು, ಮೆಟ್ಟಿಲುಗಳ ಮೇಲೆ ಹೆಬ್ಬೆರಳನ್ನು ಮೇಲಿನಿಂದ ಕೆಳಗಿನವರೆಗೂ ಒಮ್ಮೆ ಎಳೆದರು. “ನುಣ್ಗದೆ” ಎಂದರು. ಹದಿಮೂರರ ಹತ್ತಿರ ಬೆರಳು ಒಂದು ಚಣ ನಿಂತಿತು. ಕಣ್ಣಿರುವ ಬೆರಳು. ಏನೂ ಹೇಳದೆ ವಾಪಸು ಕೊಟ್ಟರು. ಹದಿಮೂರರಲ್ಲಿ ಎರಡನೇ ತಂತಿ ಇನ್ನೂ ಸಣ್ಣಗೆ ಗುಂಯ್ ಎನ್ನುತ್ತದೆ. ಅಲ್ಲಿಯವರೆಗೆ ನನ್ನ ಬೆರಳು ಹೋಗುವುದು ಅಪರೂಪ.

ಲೋಸಾರ್‌ಗೆ ನಾಲ್ಕು ದಿನವಿದೆ ಎನ್ನುವಾಗ ಹುಡುಗ ಬಂದ. ಮಾರಾಟವಾಗದೆ ಉಳಿದ ಸ್ವೆಟರುಗಳಲ್ಲಿ ಒಂದನ್ನು ನನಗೆ ತಂದಿದ್ದ. ನಾನು ಗಿಟಾರನ್ನು ಅವನ ಮಡಿಲಿಗಿಟ್ಟು, ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತೆ. ಅವನು ಹಳೆಯ ಹಾಡುಗಳನ್ನೇ ನುಡಿಸಿದ, ಗುಂಡಿಯನ್ನು ಬಳಸಿಕೊಂಡು. ಆಮೇಲೆ ಯಾಕೋ ಕೈತಪ್ಪಿ ಬೆರಳು ಏಳನೇ ಮನೆಗೆ ಬಿತ್ತು. ನಿಲ್ಲಿಸಿದ. ಮತ್ತೆ ಅಲ್ಲೇ ಮೀಟಿದ. ಮೂರು ಸಲ ಮೀಟಿದ.

“ಸಾರ್,” ಎಂದು ಕೂಗಿದ. “ಹೊಸ ತಂತಿ ಹಾಕ್ಸಿದ್ರಾ? ಒಳ್ಳೇ ತಂತಿ ಸಾರ್ ಇದು. ಎಷ್ಟಾಯ್ತು?”

ನಾನೂರು ರೂಪಾಯಿ ಎಂದೆ.